ಯಾರ ಹೊಲದಲ್ಲಿ ಇಳಿಯುವುದು

ಸಮುದ್ರ ನೋಡಲು ಹೋಗುವ ಯೋಚನೆ ತನ್ನದೇ ಎಂದು ನನ್ನ ಗಂಡ ಇವತ್ತಿಗೂ ನಂಬಿದ್ದಾರೆ. ನಂಬಿಕೊಂಡಿರಲಿ, ನನಗೇನೂ ನಷ್ಟವಿಲ್ಲ. ನಿಜವಾಗಿ ಆ ಮಾತು ಮೊದಲು ಎತ್ತಿದವಳು ನನ್ನ ಅವ್ವ, ಅದೂ ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು.

ನಮ್ಮದು ಕುರಿ ಸಾಕುವ ಮನೆತನ. ಊರು ಕೊಟ್ಟೂರಿನ ಹತ್ತಿರ. ಒಂದಿಷ್ಟು ಬೆದ್ದಲು ಹೊಲ, ಹೊಲಕ್ಕಿಂತ ಹೆಚ್ಚು ಕುರಿ. ಅವ್ವ ಹುಡುಗಿಯಾಗಿದ್ದಾಗ ತನ್ನ ಅಪ್ಪನ ಹಿಂಡಿನ ಜೊತೆ ಪಡುವಣಕ್ಕೆ ಹೋಗುತ್ತಿದ್ದಳಂತೆ. ತುಂಗಭದ್ರೆ ದಾಟಿ, ಹಾವೇರಿ ಸೀಮೆ ಕಳೆದು, ಕಾಡು ಶುರುವಾಗುವ ಕಡೆ ಹಿಂಡು ತಿರುಗಿಸುತ್ತಿದ್ದರು. ಅಲ್ಲಿಂದಾಚೆ ನೆಲದ ಹಸಿ ಆರುವುದೇ ಇಲ್ಲ, ಹಸಿ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಪ್ರತಿ ವರ್ಷ ಅದೇ ಜಾಗ, ಅದೇ ತಿರುವು. ಒಂದು ಸಲ ಅವ್ವ ಕೇಳಿದಳಂತೆ, "ಇಲ್ಲಿಂದ ಮುಂದ ಏನೈತಪ್ಪಾ?" ಅಜ್ಜ ಹೇಳಿದನಂತೆ, "ಗುಡ್ಡ ಇಳಿದ್ರ ಸಮುದ್ರ ಐತಿ. ಅದು ಕುರಿಗೂ ಬ್ಯಾಡ, ನಮಗೂ ಬ್ಯಾಡ."

ಕುರಿಗೆ ಬೇಡ, ಸರಿ. ನಮಗೇಕೆ ಬೇಡ? ಈ ಪ್ರಶ್ನೆಯನ್ನು ಅವ್ವ ಲಗ್ನವಾಗಿ ಬಂದಾಗ ಗಂಡನ ಮನೆಗೂ ತಂದಳು. ಅಪ್ಪ ಪ್ರತಿ ಸಲ "ನೋಡಾಣ" ಅನ್ನುತ್ತಿದ್ದ. ನಮ್ಮಪ್ಪನ ಬಾಯಲ್ಲಿ "ನೋಡಾಣ" ಅಂದರೆ ಆಗುವುದಿಲ್ಲ ಅಂತ ಅರ್ಥ ಎಂದು ನಮ್ಮ ಮನೆಯ ನಾಯಿಗೂ ಗೊತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆಯ ಕೆಲಸ ಸಿಕ್ಕಿತು. ಗಂಡ ಅಲ್ಲೇ ಕಚೇರಿಯೊಂದರಲ್ಲಿ ಗುಮಾಸ್ತರು, ಹರಪನಹಳ್ಳಿ ಕಡೆಯವರು. ಅವರ ಸ್ನೇಹಿತರೊಬ್ಬರು ಹಡಗಲಿಯಿಂದ ದಾವಣಗೆರೆಗೆ ಮಲ್ಲಿಗೆ ಸಾಗಿಸುವ ವ್ಯಾನು ಇಟ್ಟಿದ್ದರು. ಚಳಿಗಾಲದಲ್ಲಿ ಮಲ್ಲಿಗೆ ಇಳುವರಿ ಬಿದ್ದುಹೋಗುತ್ತದೆ, ವ್ಯಾನು ಬೇವಿನ ಮರದಡಿ ಸುಮ್ಮನೆ ನಿಂತಿರುತ್ತದೆ. ನನ್ನ ಗಂಡನಿಗೆ ಡ್ರೈವಿಂಗ್ ಬರುತ್ತಿತ್ತು, ಅದನ್ನು ತೋರಿಸಿಕೊಳ್ಳುವ ಚಪಲವೂ ಇತ್ತು. "ಸಂಕ್ರಾಂತಿ ಆದ್ಮೇಲೆ ವ್ಯಾನ್ ತಗಂಡು ಹೋಗಾಣ. ಸಮುದ್ರದ ದಂಡೆಗುಂಟ ರಸ್ತೆ ಐತೆ. ನಿಮ್ಮವ್ವಗೂ ತೋರಿಸಿದಂಗೆ ಆಗುತ್ತೆ" ಅಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ಆಮೇಲೆ ಅವರನ್ನು ಹಿಡಿಯುವವರಾರು?

ಆ ಭಾನುವಾರವೇ ಶಾಲೆಯ ಕರ್ನಾಟಕದ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಊರಿಗೆ ಹೋದೆವು. ಕುರಿ ದೊಡ್ಡಿಯ ಕಂಬಕ್ಕೆ ಮೊಳೆ ಹೊಡೆದು ನಕ್ಷೆ ತೂಗುಹಾಕಿದೆ. ಕುರಿಮರಿಯೊಂದು ಬಂದು ದಕ್ಷಿಣದ ಜಿಲ್ಲೆಗಳನ್ನು ಮೂಸಿ ನೋಡಿತು. ಅಪ್ಪ ದೂರ ಕೂತು ಬೀಡಿ ಸೇದುತ್ತಿದ್ದ. ಅವ್ವ ಹತ್ತಿರ ಬಂದು ಎಡಗಡೆಯ ನೀಲಿ ಪಟ್ಟಿಯ ಮೇಲೆ ಬೆರಳಿಟ್ಟಳು.

"ಇದೇನು ಸಮುದ್ರ?"

"ಹೂಂ ಅವ್ವಾ."

"ಇಷ್ಟೇನು? ನಮ್ಮ ಡ್ಯಾಮಿನ ಹಿನ್ನೀರು ಇದಕ್ಕಿಂತ ಅಗಲ ಐತೆಲ್ಲೇ."

ನಕ್ಷೆಯ ಬಟ್ಟೆ ಅಲ್ಲಿಗೆ ಮುಗಿದಿದೆ, ಸಮುದ್ರ ಮುಗಿದಿಲ್ಲ ಎಂದು ವಿವರಿಸಿದೆ. ಮೂರನೇ ಇಯತ್ತೆಯ ಮಕ್ಕಳು ಇದಕ್ಕಿಂತ ಬೇಗ ಒಪ್ಪುತ್ತಾರೆ. ಅವ್ವ ಒಪ್ಪಲಿಲ್ಲ, ಆದರೆ ಬೆರಳೂ ತೆಗೆಯಲಿಲ್ಲ.

ನನ್ನ ಗಂಡ ಒಂದು ಕಡ್ಡಿ ಹಿಡಿದು ಪಾಠ ಶುರು ಮಾಡಿದರು. ಹರಪನಹಳ್ಳಿ, ಹರಿಹರ, ಹಾವೇರಿ, ಹಾನಗಲ್ಲು, ಶಿರಸಿ. ಅಲ್ಲಿಂದ ಘಟ್ಟ ಇಳಿದರೆ ಕುಮಟಾ. ಕುಮಟಾದಿಂದ ದಕ್ಷಿಣಕ್ಕೆ ದಂಡೆಯ ರಸ್ತೆ. ಹೊನ್ನಾವರದಲ್ಲಿ ಸೇತುವೆಯ ಮೇಲೆ ನಿಲ್ಲುವುದು, ಮುರ್ಡೇಶ್ವರದಲ್ಲಿ ಕೈಮುಗಿಯುವುದು, ಮರವಂತೆಯಲ್ಲಿ ಇಳಿದು ನೋಡುವುದು, ಉಡುಪಿಯಲ್ಲಿ ಊಟ, ಆಮೇಲೆ ಆಗುಂಬೆ ಹತ್ತಿ ವಾಪಸ್ಸು. ಮರವಂತೆಯಲ್ಲಿ ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ರಸ್ತೆ ಎಂದಾಗ ಅಪ್ಪ ಮೊದಲ ಸಲ ಬಾಯಿ ತೆಗೆದ.

"ಎರಡೂ ಕಡೆ ನೀರಿದ್ರ ರಸ್ತೆ ಹೆಂಗ ಉಳೀತೈತ್ರಿ ಅಳಿಯಂದ್ರ? ಕೊಚ್ಚಿ ಹೋಗ್ತೈತಿ."

"ಹೋಗಿಲ್ಲ ಮಾವ, ಐತೆ. ನಮ್ಮ ಕಚೇರಿಯವರು ನೋಡಿ ಬಂದಾರೆ."

"ಅವರು ಬಂದ ಮ್ಯಾಲ ಕೊಚ್ಚಿ ಹೋಗಿರಬಹುದು" ಅಂದ ಅಪ್ಪ. ನನ್ನ ಗಂಡ ಕಡ್ಡಿಯನ್ನು ಉಡುಪಿಯ ಕಡೆ ಸರಿಸಿದರು.

ಅಷ್ಟು ಮಾತಾಡಿದ್ದರಿಂದ ಅಪ್ಪನಿಗೆ ಮನಸ್ಸು ಬಂದಿದೆ ಎಂದೇ ನಾನು ತಿಳಿದೆ. ಹಿಂಡು ನೋಡಿಕೊಳ್ಳಲು ಚಿಕ್ಕಪ್ಪ ಒಪ್ಪಿದ್ದ, ನನಗೆ ರಜೆ ಸಿಗುವುದಿತ್ತು, ವ್ಯಾನು ಗಟ್ಟಿಯಾಗಿತ್ತು. ಆಗ ಅಪ್ಪ ಬೀಡಿ ಕೆಳಗೆ ಒತ್ತಿ, "ಅದೆಲ್ಲಾ ಸರಿ. ರಾತ್ರಿ ಯಾರ ಹೊಲದಾಗ ಇಳಿಯೋದು?" ಎಂದು ಕೇಳಿದ.

ಇಲ್ಲಿ ಒಂದು ಸಂಗತಿ ಬಿಡಿಸಿ ಹೇಳಬೇಕು. ಸುಗ್ಗಿ ಮುಗಿದ ಹೊಲಕ್ಕೆ ಕುರಿ ಹಿಂಡು ಕರೆಸಿ ರಾತ್ರಿ ಅಲ್ಲೇ ಕೂಡಿಹಾಕುವುದಕ್ಕೆ ನಮ್ಮಲ್ಲಿ ಕುರಿ ತರುಬುವುದು ಅನ್ನುತ್ತಾರೆ. ಹಿಕ್ಕೆ ಬಿದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕೆ ಪ್ರತಿಯಾಗಿ ಹೊಲದವರು ಜೋಳ ಕೊಡುತ್ತಾರೆ, ರೊಟ್ಟಿ ಕಳಿಸುತ್ತಾರೆ, ಅವರ ಬಾವಿಯಲ್ಲಿ ಕುರಿಗಾರರು ನೀರು ಸೇದಬಹುದು. ಬೆಳಿಗ್ಗೆ ಎದ್ದು ಹೊರಡುವಾಗ ಅವರ ಹಂಗು ನಮಗಿಲ್ಲ, ನಮ್ಮ ಹಂಗು ಅವರಿಗಿಲ್ಲ. ಅಪ್ಪ ಹುಟ್ಟಿದಾಗಿನಿಂದ ಊರು ಬಿಟ್ಟು ಮಲಗಿದ್ದೆಲ್ಲ ಹೀಗೆಯೇ. ಕುರಿ ಇಲ್ಲದೆ ಒಂದು ಊರಿಗೆ ಹೋಗಿ ಅವರ ನೆಲದ ಮೇಲೆ ಮಲಗಿ, ಅವರ ನೀರು ಕುಡಿದು, ಏನೂ ಕೊಡದೆ ಎದ್ದು ಬರುವುದು ಅವನ ತಲೆಯೊಳಗೆ ಇಳಿಯುವ ಸಂಗತಿಯೇ ಆಗಿರಲಿಲ್ಲ.

"ಅಪ್ಪಾ, ಲಾಡ್ಜ್ ಅದಾವು, ಛತ್ರ ಅದಾವು. ರೊಕ್ಕ ಕೊಟ್ಟು ಇರೋದು" ಅಂದೆ.

"ರೊಕ್ಕ ಕೊಟ್ರ ಅದು ಇಳಿಯೋದು ಅಲ್ಲವ್ವಾ, ಸಂತ್ಯಾಗ ಬದನಿಕಾಯಿ ತಗೊಂಡಂಗ. ಆ ಊರಿನ ನೆಲಕ್ಕ ಏನು ಕೊಟ್ಟಂಗಾತು?"

"ನೆಲಕ್ಕೇನು ಕೊಡ್ತಿ? ಎಲ್ಲಾರೂ ಹಂಗ ಹೋಗಿ ಬರ್ತಾರ."

"ಎಲ್ಲಾರೂ ಹೋಗ್ಲಿ. ಕುರಿ ಇಲ್ದ ನಾ ಯಾರ ಅಂಗಳದಾಗೂ ಹೋಗಿ ನಿಲ್ಲಂಗಿಲ್ಲ. ನೀವು ಹೋಗಿ ಬರ್ರಿ."

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ನಕ್ಷೆಯನ್ನು ಕಿತ್ತು ಸುತ್ತಿಟ್ಟೆ. "ಆತು, ನೀನು ಇಲ್ಲೇ ಇರು, ಅವ್ವನ್ನ ಕರಕೊಂಡು ಹೋಗ್ತೀವಿ" ಅಂದೆ. ಆಗ ಅವ್ವ, ಇಡೀ ಜೀವಮಾನ ಆ ಸಮುದ್ರವನ್ನು ಕೇಳಿದ ಅವ್ವ, "ನಿಮ್ಮಪ್ಪ ಬರದಿದ್ರ ನಾನೂ ಬರಂಗಿಲ್ಲ" ಅಂದುಬಿಟ್ಟಳು.

"ನಿನಗೇನು ಬಂತು ಈಗ?"

"ನಾ ಒಬ್ಬಾಕಿ ನೋಡಿ ಬಂದು ಯಾರಿಗೆ ಹೇಳ್ಲಿ? ಹೇಳಿದ್ರ ಆತ ನಂಬತಾನೇನು? ರಸ್ತೆ ಇರೋದ ನಂಬವಲ್ಲ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಗಂಡ ಕಡಲೆಕಾಯಿ ಕೊಡಿಸಿದರು, ತಿಂದು ಸಿಪ್ಪೆಯನ್ನು ಅವರ ಮಡಿಲಿಗೇ ಸುರಿದೆ. ಅಪ್ಪನ ಮೇಲೆ ಸಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಅವ್ವನ ಚಿಂತೆಯಿತ್ತು. ಅವ್ವನ ಮೊಣಕಾಲು ಆಗಲೇ ಹಿಡಿದುಕೊಳ್ಳಲು ಶುರುವಾಗಿತ್ತು. ಈ ಚಳಿಗಾಲ ತಪ್ಪಿದರೆ ಮತ್ತೆ "ನೋಡಾಣ" ಎಂದೇ ದಿನ ಕಳೆಯುತ್ತವೆ ಎಂದು ನನಗೆ ಖಾತ್ರಿಯಿತ್ತು.

ಮುಂದಿನ ಭಾನುವಾರ ನಾವು ಹೋದಾಗ ಅವ್ವ ಅಂಗಳದಲ್ಲಿ ಉಣ್ಣೆ ನೂಲುತ್ತಾ ಕೂತಿದ್ದಳು. ಅಪ್ಪ ಅಲ್ಲೇ ಕುರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ಸಮುದ್ರದ ಸುದ್ದಿ ಯಾರೂ ಎತ್ತಲಿಲ್ಲ. ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ. ಅವ್ವ ಎಳೆಯನ್ನು ಬಿಡದೆ, ತಲೆಯನ್ನೂ ಎತ್ತದೆ, ಸಾರಿಗೆ ಉಪ್ಪು ಸಾಕೇನು ಎಂದು ಕೇಳುವ ದನಿಯಲ್ಲಿ ಅಂದಳು:

"ಕುರಿ ಬರಾಕ ಆಗಂಗಿಲ್ಲ. ಉಣ್ಣೆ ಬರ್ತೈತೆಲ್ಲ. ಇಳಿದ ಕಡೆಗೆಲ್ಲಾ ಒಂದೊಂದು ಕಂಬಳಿ ಕೊಟ್ರಾತು."

ಅಪ್ಪ ಮುಳ್ಳು ಕಿತ್ತ. ಕುರಿಯನ್ನು ಬಿಟ್ಟ. ಅದು ಕುಂಟದೆ ಹೋಗುತ್ತದೆಯೇ ಎಂದು ನೋಡಿದ. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಆ ನಕ್ಷಾ ತಂದೀರೇನ್ರಿ?" ಅಂದ.

ತಂದಿರಲಿಲ್ಲ. ನನ್ನ ಸಿಟ್ಟಿಗೆ ಅದನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೆ. ಅಪ್ಪನೇ ಅಂಗಳದ ಮಣ್ಣಿನ ಮೇಲೆ ಕೋಲಿನಿಂದ ಗೆರೆ ಎಳೆದ, ನನ್ನ ಗಂಡ ಊರುಗಳ ಹೆಸರು ಹೇಳಿದರು, ಅವ್ವ ರಾತ್ರಿ ಇಳಿಯುವ ಕಡೆಗೊಂದು ಹುಣಸೆ ಬೀಜ ಇಟ್ಟಳು. ಇಲ್ಲಿಂದ ಶುರುವಾಯಿತು ನೋಡಿ ನಿಜವಾದ ತೊಂದರೆ. ಅಷ್ಟು ದಿನ ಬರುವುದಿಲ್ಲ ಅಂದವನು ಈಗ ಇಡೀ ಯಾತ್ರೆಯ ಯಜಮಾನಿಕೆ ತನ್ನ ಕೈಗೆ ತೆಗೆದುಕೊಂಡ. ಕೊಟ್ಟೂರು ದಾಟಿ ಹರಪನಹಳ್ಳಿ ಮುಟ್ಟುವುದರೊಳಗೆ ಮೂರು ಕಡೆ ಬೀಜ ಇಡಿಸಿದ.

"ಮಾವ, ಇದು ವ್ಯಾನು. ಮೇಯ್ಕಂತ ಹೋಗಲ್ಲ" ಅಂದರು ನನ್ನ ಗಂಡ.

"ಗೊತ್ತೈತ್ರಿ. ಆದ್ರ ನಾವು ಮನಷ್ಯಾರು, ನಮಗ ದಣಿವಾಗಂಗಿಲ್ಲೇನು?"

"ಹರಪನಹಳ್ಳಿಗೆ ಒಂದು ತಾಸಿನ ದಾರಿ ಮಾವ. ನಮ್ಮ ಮನೆಯವರಿಗೇ ಕಂಬಳಿ ಕೊಟ್ಟು ಮಲಗ್ತೀರಾ?"

ಅವ್ವ ನಕ್ಕು ಬೀಜಗಳನ್ನು ಒಂದೊಂದೇ ತೆಗೆದಳು. ಬಹಳ ಹಗ್ಗಜಗ್ಗಾಟದ ನಂತರ ಹಾನಗಲ್ಲಿನ ಆಸುಪಾಸಿನಲ್ಲಿ ಒಂದು ಬೀಜ, ಸಮುದ್ರದ ದಂಡೆಗೆ ಒಂದು, ಬರುವಾಗ ಘಟ್ಟದ ಮೇಲೆ ಒಂದು ಉಳಿದವು. ನನ್ನ ಗಂಡ ಉಡುಪಿಯಲ್ಲಿ ಒಂದು ರಾತ್ರಿ ಛತ್ರದಲ್ಲಿ ಇರಬೇಕೆಂದು ಆಸೆಪಟ್ಟಿದ್ದರು. ಛತ್ರದವರಿಗೆ ಕಂಬಳಿ ಹೇಗೆ ಕೊಡುವುದು ಎಂದು ತಿಳಿಯದೆ ಅಪ್ಪ ಆ ಬೀಜವನ್ನೇ ಎತ್ತಿ ಕೋಳಿಗಳ ಕಡೆ ಎಸೆದ. ಊಟ ಮಾತ್ರ ಉಳಿಯಿತು.

ಇನ್ನು ಕಂಬಳಿ ಆರಿಸುವ ಸಂಭ್ರಮ. ಹಾನಗಲ್ಲಿನವರಿಗೆ ಹಾಸಲು ಆಗುವಂಥದ್ದು. ಘಟ್ಟದವರಿಗೆ ಮಳೆಯಲ್ಲಿ ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳಲು ದಪ್ಪನೆಯದು. ಸಮುದ್ರದ ದಂಡೆಗೆ ಯಾವುದು ಎಂದು ಅಪ್ಪ ಎರಡು ದಿನ ಯೋಚಿಸಿದನಂತೆ. ಕೊನೆಗೆ ಪೆಟ್ಟಿಗೆಯ ತಳದಿಂದ ಅಚ್ಚ ಕರಿ ಕಂಬಳಿ ತೆಗೆದ. ಕರಿ ಕುರಿಗಳ ಉಣ್ಣೆಯನ್ನಷ್ಟೇ ಬೇರೆ ತೆಗೆದಿಟ್ಟು, ಒಂದು ವರ್ಷ ಪೂರ್ತಿ ಅವ್ವ ನೂತು, ನೇಯುವವರ ಎದುರು ಕೂತು ನೇಯಿಸಿದ ಕಂಬಳಿ ಅದು. ಅಂಚಿಗೆ ಬಿಳಿ ಎಳೆ. ನನ್ನ ಬಾಣಂತನಕ್ಕೆಂದು ಎತ್ತಿಟ್ಟಿದ್ದಳು. ನಾನು ಅವ್ವನ ಮುಖ ನೋಡಿದೆ. ಅವ್ವ, "ಕೊಡ್ಲಿ ಬಿಡು. ಅಷ್ಟು ದೂರ ಹೋಗಿ ಎಂಥೆಂಥದೋ ಕೊಟ್ರ ಚೊಲೋ ಕಾಣಂಗಿಲ್ಲ" ಅಂದಳು.

ಸಂಕ್ರಾಂತಿ ಕಳೆದು ಹೊರಟೆವು. ವ್ಯಾನಿನೊಳಗೆ ಹಳೇ ಮಲ್ಲಿಗೆಯ ವಾಸನೆ, ಅದರ ಮೇಲೆ ಕಂಬಳಿಯ ವಾಸನೆ, ಅದರ ಮೇಲೆ ಅವ್ವ ಕಟ್ಟಿಸಿದ ರೊಟ್ಟಿ, ಶೇಂಗಾ ಚಟ್ನಿ, ಬೆಳ್ಳುಳ್ಳಿ ಖಾರ. ಹಾನಗಲ್ಲಿನ ಹತ್ತಿರ ರೈತರೊಬ್ಬರ ಕಣದಲ್ಲಿ ಇಳಿದೆವು. ಕಂಬಳಿ ಕೊಟ್ಟರೆ ಬೇಡ ಬೇಡ ಅಂದರು, ಆಮೇಲೆ ಮೂಸಿ ನೋಡಿ ಮನೆಯೊಳಗೆ ಒಯ್ದರು, ಬೆಳಿಗ್ಗೆ ನಮಗೆಲ್ಲ ಹಾಲು ಕಾಯಿಸಿ ಕೊಟ್ಟರು. ಅಪ್ಪ ವ್ಯಾನಿನ ಮುಂದಿನ ಸೀಟಿನಲ್ಲಿ ಧಣಿಯ ಹಾಗೆ ಕೂತ.

ಶಿರಸಿಯ ಈಚೆ ಕಾಡು ದಟ್ಟವಾಗುವ ಒಂದು ತಿರುವಿನಲ್ಲಿ ಅವ್ವ ಇದ್ದಕ್ಕಿದ್ದಂತೆ "ನಿಂದ್ರಸ್ರಿ, ನಿಂದ್ರಸ್ರಿ" ಅಂದಳು. ವಾಂತಿ ಬಂತೇನೋ ಎಂದು ನನ್ನ ಗಂಡ ಗಡಬಡಿಸಿ ಬ್ರೇಕು ಒತ್ತಿದರು. ಅವ್ವ ಇಳಿದು ರಸ್ತೆಯ ಅಂಚಿಗೆ ಹೋಗಿ ನಿಂತಳು. ಒಂದು ಕೆರೆ, ಕೆರೆಯ ಏರಿಯ ಮೇಲೆ ದೊಡ್ಡ ಮರ. "ಇಲ್ಲಿಂದ ತಿರುಗುತ್ತಿದ್ವಿ. ನಮ್ಮಪ್ಪ ಆ ಮರದ ಬುಡಕ್ಕ ಕುಂತು ಉಣ್ತಿದ್ದ" ಅಂದಳು. ಅದೇ ಮರವೋ ಅಲ್ಲವೋ ಯಾರು ಬಲ್ಲರು. ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಹತ್ತಿ ಕೂತು "ನಡೀರಿ ಮುಂದ" ಅಂದಳು.

ಘಟ್ಟದ ತಿರುವುಗಳಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡೆವು. ಕುಮಟಾ ದಾಟಿ ಒಂದು ದಿಬ್ಬ ಹತ್ತಿದಾಗ ಸಮುದ್ರ ಕಂಡಿತು. ನಾನು ಪುಸ್ತಕದಲ್ಲಿ ಓದಿ, ಮಕ್ಕಳಿಗೆ ಪಾಠ ಮಾಡಿ, ಎಲ್ಲ ಗೊತ್ತು ಅಂದುಕೊಂಡಿದ್ದವಳು "ಅಯ್ಯೋ" ಎಂದು ಕಿರುಚಿದೆ. ಅವ್ವ ಏನೂ ಅನ್ನಲಿಲ್ಲ. ಹೊನ್ನಾವರದ ಸೇತುವೆಯ ಮೇಲೂ ಅನ್ನಲಿಲ್ಲ, ಮುರ್ಡೇಶ್ವರದಲ್ಲೂ ಅನ್ನಲಿಲ್ಲ. ಮರವಂತೆಯಲ್ಲಿ ರಸ್ತೆಯ ಎರಡೂ ಕಡೆ ನೀರು ಕಂಡಾಗ ಮಾತ್ರ ಅಪ್ಪನ ಭುಜ ತಿವಿದು, "ನೋಡು, ಕೊಚ್ಚಿ ಹೋಗಿಲ್ಲ" ಅಂದಳು. ಅಪ್ಪ ಇಳಿದು, ರಸ್ತೆಯನ್ನು ಹಿಮ್ಮಡಿಯಿಂದ ಎರಡು ಸಲ ಗುದ್ದಿ ನೋಡಿ, "ಇನ್ನೂ ಹೋಗಿಲ್ಲ" ಎಂದು ಒಪ್ಪಿಕೊಂಡ.

ಅಲ್ಲಿಂದ ತುಸು ಮುಂದೆ ಸಮುದ್ರದ ಬೀಜದ ಜಾಗ ಹುಡುಕಿದೆವು. ಆರಿಸಿದವನು ಅಪ್ಪ. ನುಣ್ಣಗಿನ ಮರಳು, ಮುಳ್ಳಿಲ್ಲ, ಕಲ್ಲಿಲ್ಲ, ತಂಪು ಗಾಳಿ, ನೀರು ಹತ್ತಿರ. ಇಷ್ಟು ವರ್ಷಗಳಲ್ಲಿ ಇಂಥ ತಾವು ತನಗೆ ಸಿಕ್ಕಿಲ್ಲ ಎಂದು ಹಿಗ್ಗಿದ. ಆದರೆ ಕಂಬಳಿ ಕೊಡಲು ಹೊಲದವರು ಬೇಕಲ್ಲ. ಮೇಲೆ ದೋಣಿಯ ನೆರಳಿನಲ್ಲಿ ಒಬ್ಬರು ಬಲೆ ಹೆಣೆಯುತ್ತಾ ಕೂತಿದ್ದರು. ಅಪ್ಪ ಹೋಗಿ ಕೇಳಿದ, "ಇದು ಯಾರ ಹೊಲರಿ?"

ಅವರು ಆಚೀಚೆ ನೋಡಿದರು. "ಹೊಲವಾ? ಈ ಮರಳಾ? ಇದು ಯಾರದ್ದೂ ಅಲ್ಲ ಮಾರಾಯ್ರೇ, ಸಮುದ್ರದ್ದು."

"ಸಮುದ್ರದ್ದು ಅಂದ್ರ, ಧಣಿ ಯಾರು?"

"ಸಮುದ್ರವೇ ಧಣಿ."

ಅಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ. ಕಂಬಳಿಯನ್ನು ಅವರಿಗೇ ಕೊಡು ಅಂದೆ. "ಅವರು ತಮ್ಮದಲ್ಲ ಅಂತಾರ, ತಮ್ಮದಲ್ಲದ ನೆಲಕ್ಕ ಅವರು ಹೆಂಗ ತಗೋತಾರ?" ಅಂದ. ಬೇರೆ ಕಡೆ ಹೋಗೋಣ ಎಂದು ಹಟ ಹಿಡಿದ. ಹೊತ್ತು ಇಳಿಯುತ್ತಿತ್ತು, ಅವ್ವ ಆಗಲೇ ಚಪ್ಪಲಿ ಬಿಟ್ಟಿದ್ದಳು. ಬೇರೆ ದಾರಿಯಿಲ್ಲದೆ ಅಪ್ಪ ಕರಿ ಕಂಬಳಿಯನ್ನು ನೀರಿನ ಅಂಚಿಗೆ ಒಂದು ಮಾರು ಈಚೆ ಹಾಸಿ, ಅದರ ಮೂಲೆಯಲ್ಲಿ ಕೂತ. ಕದ್ದು ಕೂತವರ ಹಾಗೆ ಕೂತ.

ಅವ್ವ ನೀರಿಗಿಳಿದಳು. ಅಲೆ ಬಂದು ಪಾದ ಮುಚ್ಚಿ ಹಿಂದೆ ಹೋದಾಗ ಕಾಲಡಿಯ ಮರಳು ಜಾರಿತು. ಅವ್ವ "ಏ!" ಎಂದು ನನ್ನ ಕೈ ಹಿಡಿದು ಹುಡುಗಿಯಂತೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಪ್ಪನನ್ನೂ ಕರೆದಳು. ಅವನು ಬಂದ, ಧೋತರ ಎತ್ತಿಕೊಂಡು ನಿಂತ, ಒಂದು ಹನಿ ನಾಲಿಗೆಗೆ ಇಟ್ಟು ಉಗಿದ. ನಾಲ್ಕೂ ಜನ ದಂಡೆಗುಂಟ ಚಿಪ್ಪು ಆರಿಸುತ್ತಾ ದೂರ ನಡೆದೆವು. ಸೂರ್ಯ ನೀರಿಗೆ ತಾಗುವವರೆಗೆ ಯಾರೂ ಹಿಂದೆ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿದೆ ಎಂದು ಯಾರಿಗೆ ಗೊತ್ತಿತ್ತು? ನಮ್ಮ ಕಡೆ ಕೆರೆಯ ನೀರು ಬೆಳಿಗ್ಗೆ ಎಲ್ಲಿದೆಯೋ ಸಂಜೆಗೂ ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹಿಂದೆ ಸರಿಯುತ್ತದೆಯೇ ಹೊರತು ಮುಂದೆ ಬರುವುದಿಲ್ಲ. ಉಬ್ಬರ ಇಳಿತದ ಪಾಠವನ್ನು ನಾನೇ ಪ್ರತಿ ವರ್ಷ ಮಾಡುತ್ತಿದ್ದೆ. ಅದು ಕಂಬಳಿಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಮೇಲಿಂದ ಬಲೆಯವರು ಕೂಗಿ ಕೈಬೀಸಿದರು. ನಾವು ಓಡಿದೆವು. ಹಾಸಿದ ಜಾಗದಲ್ಲಿ ಆಗಲೇ ನೀರಿತ್ತು. ಕಂಬಳಿ ನೀರು ಕುಡಿದು ಭಾರವಾಗಿ, ಒಂದು ಸಲ ಬಿಳಿ ಅಂಚು ತೋರಿಸಿ, ಅಲೆಯ ಜೊತೆ ಒಳಗೆ ಸರಿಯಿತು. ನನ್ನ ಗಂಡ ಪ್ಯಾಂಟು ಮಡಚಿಕೊಂಡು ಹೊರಟರೆ ಬಲೆಯವರು ಗದರಿಸಿ ನಿಲ್ಲಿಸಿದರು. ನನಗೆ ಅಳು ಬಂತು. ಅವ್ವನ ಒಂದು ವರ್ಷದ ನೂಲು ಅದು. ಅಪ್ಪ ಈಗ ಏನೆನ್ನುತ್ತಾನೋ ಎಂಬ ದಿಗಿಲು ಬೇರೆ. "ಇದಕ್ಕ ನಾ ಬರಂಗಿಲ್ಲ ಅಂದಿದ್ದು" ಎಂದು ಅವನು ಶುರುಮಾಡಿದರೆ ಇಡೀ ಪ್ರಯಾಣ ಹಾಳು.

ಅಪ್ಪ ಸೊಂಟದ ಮೇಲೆ ಕೈಯಿಟ್ಟು, ಕಂಬಳಿ ಹೋದ ಕಡೆಯೇ ಬಹಳ ಹೊತ್ತು ನೋಡಿದ. ಆಮೇಲೆ ಅವನ ಮುಖ ಸಡಿಲವಾಯಿತು. ಬಲೆಯವರ ಮಾತು ಕೇಳಿದಾಗಿನಿಂದ ಬಿಗಿಹಿಡಿದಿದ್ದ ಭುಜವೂ ಇಳಿಯಿತು.

"ಧಣಿ ತಾನ ಬಂದು ತಗೊಂಡು ಹೋತು ನೋಡು" ಅಂದ. "ಇನ್ನ ಇಲ್ಲಿ ಆರಾಮ ಮಲಗಬಹುದು. ರೊಟ್ಟಿ ತಗೀರಿ."

ಅವ್ವ ಸೀರೆಯ ಅಂಚಿನ ನೀರು ಹಿಂಡುತ್ತಾ ಅವನ ಪಕ್ಕದಲ್ಲಿ ನಿಂತಿದ್ದಳು. "ಚೊಲೋ ಕಂಬಳಿನ ಕೊಟ್ವಿ, ಅಲ್ಲೇನು?" ಎಂದು ಕೇಳಿದಳು. "ಹೂಂ, ಚೊಲೋದ ಕೊಟ್ವಿ" ಅಂದ ಅಪ್ಪ. ಆಮೇಲೆ ನಾವು ದೋಣಿಗಳ ಹತ್ತಿರ, ಬಲೆಯವರು ತೋರಿಸಿದ ಎತ್ತರದ ಜಾಗಕ್ಕೆ ರೊಟ್ಟಿಯ ಗಂಟು ಒಯ್ದೆವು.